ಸಂಪ್ರದಾಯ ಎಂದು ಬರೆದುಕೊಂಡರು

ಸ್ವಲ್ಪ ಸೌಮ್ಯವಾಗಿ ಮಾತಾಡಿ ಎಂದು ಆ ಕೆಲವು ತಿಂಗಳಲ್ಲಿ ನನಗೆ ಬುದ್ಧಿ ಹೇಳಿದವರನ್ನೆಲ್ಲ ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಠಾಣೆಯ ಮೇಜಿನ ಹಿಂದೆ ಕೂತಿದ್ದವರು ಹೇಳಿದರು. ಚನ್ನರಾಯಪಟ್ಟಣದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಹೇಳಿದ. ವಿಚಾರಣೆಗೆ ಬಂದ ಅಧಿಕಾರಿ ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ನನ್ನ ಗಂಡ ಕೂಡ ಒಮ್ಮೆ ಬಾಯಿ ತೆರೆದು, ನನ್ನ ಮುಖ ನೋಡಿ, ಸುಮ್ಮನಾದರು. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು ನಾನು. ಹಿಂದಿನ ಬೆಂಚಿನ ತನಕ ಕೇಳಿಸಲಿ ಎಂದು ಇಷ್ಟು ವರ್ಷ ಸಾಕಿಕೊಂಡ ಗಂಟಲು ಇದು. ಇದನ್ನು ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ಇನ್ನೊಬ್ಬರಿಂದ ಪಾಠ ಹೇಳಿಸಿಕೊಳ್ಳುವ ವಯಸ್ಸು ನನಗೆ ಯಾವತ್ತೋ ದಾಟಿದೆ.

ನಾನು ಕೂಗಾಡಿದ್ದು ನನ್ನ ಸೋದರತ್ತೆಗಾಗಿ. ನನ್ನ ತಂದೆಯ ತಂಗಿ. ಎಂಬತ್ತು ದಾಟಿದವಳು. ಹಾಸನದ ಹೊರಗೆ, ಸಾಲಗಾಮೆಯ ಕಡೆ ಹೋಗುವ ರಸ್ತೆಯಲ್ಲಿ, ಗೇಟಿನ ಮೇಲೆ ಕಮಲದ ಹೂವು ಕೆತ್ತಿಸಿದ ಒಂದು ವೃದ್ಧಾಶ್ರಮದಲ್ಲಿ ಇದ್ದಳು. ನಾವು ತಳ್ಳಿದ್ದಲ್ಲ, ಅವಳೇ ಹೋದದ್ದು. ಅರಕಲಗೂಡಿನ ಬಾಡಿಗೆ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ನಮ್ಮ ಮನೆಗೆ ಬಾ ಎಂದು ಕರೆದೆ. ನಮ್ಮದು ಮಹಡಿ ಮನೆ, ಮೆಟ್ಟಿಲು ಕಡಿದು. "ದಿನಾ ಹತ್ತಿಸಿ ಇಳಿಸೋಕೆ ನಾನೇನು ಗ್ಯಾಸ್ ಸಿಲಿಂಡರಾ?" ಅಂದಳು. ಅಲ್ಲಿ ನರ್ಸ್ ಇದ್ದಾರೆ, ಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ, ತನ್ನ ಪಿಂಚಣಿ ತನಗಿದೆ ಎಂದು ಹಟ ಹಿಡಿದು ಸೇರಿಕೊಂಡಳು. ಅತ್ತೆಯ ಹಟದ ಮುಂದೆ ನಮ್ಮ ವಂಶದಲ್ಲಿ ಯಾರೂ ಗೆದ್ದವರಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ಗಡಿಬಿಡಿಯಲ್ಲಿ ಕೆಲವು ವಾರ ನಾನು ಹಾಸನದ ಕಡೆ ಹೋಗಿರಲಿಲ್ಲ. ಪರೀಕ್ಷೆ ಮುಗಿದ ಮೊದಲ ಭಾನುವಾರ ಒಂದು ಡಬ್ಬಿ ಹುರಿಗಾಳು, ಒಂದು ಬಾಟಲಿ ಕೊಬ್ಬರಿ ಎಣ್ಣೆ ಹಿಡಿದುಕೊಂಡು ಹೋದೆ. ಕೊಬ್ಬರಿ ಎಣ್ಣೆ ಅವಳ ಕೂದಲಿಗೆ. ಅಂಗಡಿಯದ್ದು ಅವಳಿಗೆ ಒಗ್ಗುತ್ತಿರಲಿಲ್ಲ, ಗಾಣದ್ದೇ ಆಗಬೇಕು. ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದ ಹೆಂಗಸರಲ್ಲಿ ಸುಮಾರು ಜನ ತಲೆಗೆ ಉಣ್ಣೆ ಟೋಪಿ ಹಾಕಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು. ಯಾರೋ ದಾನಿಗಳು ಕೊಟ್ಟದ್ದು, ವಯಸ್ಸಾದವರಿಗೆ ಬಿಸಿಲಲ್ಲೂ ಚಳಿ ಎಂದು ಮೇಲ್ವಿಚಾರಕಿ ನಕ್ಕರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದಳು. ಟೋಪಿ ಇರಲಿಲ್ಲ, ಟವಲು ಸುತ್ತಿಕೊಂಡಿದ್ದಳು. ನಾನು ಎಣ್ಣೆ ಬಾಟಲಿಯನ್ನು ಅವಳ ಮಡಿಲಲ್ಲಿ ಇಟ್ಟೆ.

"ಇದನ್ನ ವಾಪಸ್ ತಗೊಂಡು ಹೋಗು," ಅಂದಳು. ನನ್ನ ಕಡೆ ತಿರುಗಲಿಲ್ಲ.

ಟವಲನ್ನು ಎಳೆದವಳು ನಾನೇ. ತಲೆ ಪೂರ್ತಿ ಬೋಳಾಗಿತ್ತು. ಬೋಳಿಸುವಾಗ ಅವಳು ಅಲುಗಾಡಿದ ಕಡೆಯೆಲ್ಲ ಬ್ಲೇಡು ತಾಗಿ ಗಾಯವಾಗಿ, ಗಾಯ ಕಪ್ಪುಗಟ್ಟಿತ್ತು. ತೋಳಿನ ಮೇಲೆ ಬೆರಳಿನ ಗುರುತು ಇತ್ತು, ನೀಲಿ ತಿರುಗಿ ಹಳದಿಯಾಗುತ್ತಿದ್ದ ಗುರುತು.

ನನಗೆ ಆಗ ಏನಾಯಿತು ಎಂದು ಓದುವವರಿಗೆ ತಿಳಿಯಬೇಕಾದರೆ ಆ ಕೂದಲಿನ ವಿಷಯ ಹೇಳಲೇಬೇಕು. ಅತ್ತೆಯ ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು. ಗಂಡ ಸತ್ತವಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮಡಿ ಹೆಂಗಸು ಎಂದು ಅಡುಗೆಮನೆಯ ಮೂಲೆಗೆ ಕೂರಿಸುವ ಪದ್ಧತಿ ನಮ್ಮವರಲ್ಲಿ ಆ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಗಿತ್ತು. ಅವಳ ಗಂಡನ ಮನೆಯಲ್ಲಿ ನಿಂತಿರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಎಲ್ಲ ಸಿದ್ಧವಾಗಿತ್ತಂತೆ. ಅತ್ತೆ ಬಾವಿಯ ಕಟ್ಟೆ ಹತ್ತಿ ನಿಂತಳು. "ಕತ್ತಿ ನನ್ನ ಹತ್ತಿರ ಬಂದರೆ ನಾನು ಒಳಗೆ," ಅಂದಳು. ಯಾರು ಬೈದರೂ ಇಳಿಯಲಿಲ್ಲ, ಯಾರು ಅತ್ತರೂ ಇಳಿಯಲಿಲ್ಲ. ಕೊನೆಗೆ ಕರ್ಮಕ್ಕೆಂದು ಬಂದಿದ್ದ ಅವಳ ಅಪ್ಪ, ನಮ್ಮ ತಾತ, ಕೈ ಹಿಡಿದು ಇಳಿಸಿ, ಇದ್ದ ಸೀರೆಯಲ್ಲೇ ಕರೆದುಕೊಂಡು ಬಂದರು. ಮುಂದೆ ಓದಿದಳು. ಅರಕಲಗೂಡಿನಲ್ಲಿ ಶಾಲೆಯ ಟೀಚರಾದಳು. ಸೊಂಟದ ಕೆಳಗೆ ಇಳಿಯುವ ಜಡೆ ಹಾಕಿಕೊಂಡು, ಎಣ್ಣೆ ಹೊಳೆಯುವ ಹಾಗೆ ಬಾಚಿಕೊಂಡು, ಮದುವೆ ಮುಂಜಿ ರುದ್ರಪಟ್ಟಣದ ಸಂಗೀತೋತ್ಸವ ಎಲ್ಲದಕ್ಕೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಹಿಂದಿನ ಸಾಲಿನ ಪಿಸುಮಾತು ಅವಳಿಗೆ ಕೇಳಿಸುತ್ತಿತ್ತು. ಕೇಳಿಸಿದಷ್ಟೂ ಜಡೆ ಮುಂದಕ್ಕೆ ಬರುತ್ತಿತ್ತು. ಅರಕಲಗೂಡಿನ ಮಕ್ಕಳು ಅವಳನ್ನು ಜಡೆ ಮೇಡಂ ಎನ್ನುತ್ತಿದ್ದರು.

ಅಂಥವಳ ತಲೆ.

ಮೇಲ್ವಿಚಾರಕಿ ಓಡಿ ಬಂದರು. ಮೊದಲು ಹೇನು ಅಂದರು. ಅತ್ತೆಯ ತಲೆಯಲ್ಲಿ ಹೇನು! ನಾನು ಧ್ವನಿ ಏರಿಸಿದ ಮೇಲೆ ಹೇನು ಹೋಗಿ, ಕೂದಲು ಬಾಚೋಕೆ ಜನ ಸಾಲದು ಎಂದಾಯಿತು. ಇನ್ನೂ ಏರಿಸಿದ ಮೇಲೆ ಆಕೆ ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಹಳ ವಿನಯದಿಂದ, "ಅಲ್ಲ ಮೇಡಂ, ನಿಮ್ಮೋರಲ್ಲಿ ಇದು ಪದ್ಧತಿ ಅಲ್ವಾ?" ಎಂದು ಕೇಳಿದರು.

ಆ ಉತ್ತರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಆ ಕ್ಷಣದಲ್ಲೇ ನನಗೆ ಹೊಳೆದುಹೋಯಿತು.

ನಡೆದದ್ದನ್ನು ಅತ್ತೆ ಹೇಳಿದಳು. ಸಾರು ಹಳಸಿತ್ತು. ಅತ್ತೆ ತಟ್ಟೆ ಸರಿಸಿ, ಬೇರೆ ಕೊಡುವ ತನಕ ಯಾರೂ ತಿನ್ನಬೇಡಿ ಎಂದು ಉಳಿದ ಹೆಂಗಸರಿಗೂ ಹೇಳಿದಳು. ಹೇಳಿದ್ದು ತರಗತಿಯಲ್ಲಿ ಹೇಳುವ ಧ್ವನಿಯಲ್ಲೇ; ಅವಳಿಗೆ ಬೇರೆ ಧ್ವನಿ ಗೊತ್ತಿಲ್ಲ. ಅವರು ಕೈ ತೊಳೆದು ಎದ್ದರು. ಮುಂದಿನ ಮಂಗಳವಾರ ಕ್ಷೌರದವನು ಬಂದ. ಮಂಗಳವಾರ ಅವನ ಅಂಗಡಿಗೆ ರಜೆ, ಅವತ್ತೇ ಅಲ್ಲಿಗೆ ಬರುವುದು. ನಮ್ಮ ಮನೆಗಳಲ್ಲಿ ಗಂಡಸರು ಕೂಡ ಮಂಗಳವಾರ ತಲೆ ಕೊಡುವುದಿಲ್ಲ. "ಅಜ್ಜಿ ಒಪ್ಪವ್ರಾ?" ಎಂದು ಪಾಪ ಅವನು ಕೇಳಿದನಂತೆ. "ಅವರಲ್ಲಿ ಹೀಗೇ ಕಣಪ್ಪ, ವಿಧವೆಯರಿಗೆ ಮಾಡಿಸ್ತಾರೆ," ಎಂದು ಮೇಲ್ವಿಚಾರಕಿ ಹೇಳಿದರು. ಇಬ್ಬರು ಆಯಾಗಳು ತೋಳು ಹಿಡಿದುಕೊಂಡರು. ಗಲಾಟೆ ಮಾಡಿದವರಿಗೆಲ್ಲ ಅಲ್ಲಿ ಅದೇ ಮದ್ದು ಎಂದು ಪಕ್ಕದ ಮಂಚದವರು ಆಮೇಲೆ ಹೇಳಿದರಂತೆ.

"ಪಾಠ ಕಲಿಸ್ತೀವಿ ಅಂದರು ಕಣೇ, ನನಗೆ!" ಅಂದಳು ಅತ್ತೆ. ಟವಲನ್ನು ನನ್ನ ಕೈಯಿಂದ ಕಿತ್ತು ಮತ್ತೆ ತಲೆಗೆ ಸುತ್ತಿಕೊಂಡಳು.

ಅವತ್ತೇ ಟ್ಯಾಕ್ಸಿ ಮಾಡಿ ಮನೆಗೆ ಕರೆತಂದೆ. ಕುರ್ಚಿಯಲ್ಲಿ ಕೂರಿಸಿ ನನ್ನ ಗಂಡ ಮತ್ತು ಕೆಳಗಿನ ಮನೆಯವರು ಮೆಟ್ಟಿಲು ಹತ್ತಿಸಿದರು. ಸಿಲಿಂಡರ್ ಬಂತು ಎಂದು ಅವಳೇ ಹೇಳಿ ನಗುತ್ತಾಳೆಂದು ಕಾದೆ. ನಗಲಿಲ್ಲ. ರೂಮಿನಲ್ಲಿ ಬಾಗಿಲು ಹಾಕಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ನನಗೆ ಒಂದೇ ಬೇಕಾದ್ದು," ಅಂದಳು. "ಇದನ್ನ ಬಲವಂತವಾಗಿ ಮಾಡಿದರು ಅಂತ ಸರಕಾರದೋರ ಕೈಲಿ ಬರೆಸು. ಇಲ್ಲದಿದ್ದರೆ ನಾಳೆ ನಾನು ಸತ್ತ ಮೇಲೆ ಎಲ್ಲರೂ ಏನಂತಾರೆ ಗೊತ್ತಾ? ಅಷ್ಟು ಹಾರಾಡಿದೋಳು, ಕೊನೆಗಾಲಕ್ಕೆ ಬುದ್ಧಿ ಬಂದು ತಲೆ ಕೊಟ್ಟಳು ಅಂತಾರೆ."

ಅವಳು ಹೇಳಿದ್ದು ಎಷ್ಟು ಸರಿ ಎಂದು ತಿಳಿಯಲು ಸಾಯುವ ತನಕ ಕಾಯಬೇಕಾಗಲಿಲ್ಲ. ಎದುರು ಮನೆಯ ಮುದುಕಿ ನೋಡಲು ಬಂದವರು ಬಾಗಿಲಲ್ಲೇ ನಿಂತು, ಕೈ ಮುಗಿದು, "ಈಗ ನೋಡಿ, ಮುಖದಲ್ಲಿ ಎಂಥ ಕಳೆ!" ಅಂದರು. ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದರು. ಅತ್ತೆ ಕಾಲು ಹಿಂದೆ ಎಳೆದುಕೊಂಡಳು. ಚನ್ನರಾಯಪಟ್ಟಣದ ದೊಡ್ಡಪ್ಪನ ಮಗ, ಪೌರೋಹಿತ್ಯ ಮಾಡುವವನು, ಫೋನಿನಲ್ಲಿ ಮೊದಲು ಅಯ್ಯೋ ಅಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ಹೇಗೋ ಆಗಿದ್ದು ಆಯಿತು, ಈ ವಯಸ್ಸಿನಲ್ಲಾದರೂ ಶಾಸ್ತ್ರ ಆದ ಹಾಗಾಯಿತು, ನೀನು ಅದನ್ನು ಊರೆಲ್ಲ ಸಾರಿಕೊಂಡು ತಿರುಗಬೇಡ, ಸೌಮ್ಯವಾಗಿ ಮಾತಾಡುವುದನ್ನು ಕಲಿ ಎಂದ. ಅಷ್ಟಕ್ಕೇ ಬಿಡಲಿಲ್ಲ. ಆ ವಾರವೇ ಬಸ್ಸಿನವನ ಕೈಲಿ ಒಂದು ಪೊಟ್ಟಣ ಕಳಿಸಿದ. ಬಿಚ್ಚಿ ನೋಡಿದರೆ ಒಳಗೆ ಕೆಂಪು ಸೀರೆ. ಆ ಕಾಲದ ಮಡಿ ಹೆಂಗಸರು ಉಡುತ್ತಿದ್ದ ಅದೇ ಕೆಂಪು. ಈಗ ಅದನ್ನು ಎಲ್ಲಿ ಹುಡುಕಿ ಕೊಂಡನೋ.

ನಾನು ಅದನ್ನು ಅವನ ಬಾಗಿಲಿಗೇ ಎಸೆದು ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಅತ್ತೆ ಸೀರೆಯನ್ನು ಬೆರಳಲ್ಲಿ ಹಿಸುಕಿ ನೋಡಿದಳು. "ಒಳ್ಳೇ ಹತ್ತಿ ಕಣೇ. ನೆಲ ಒರೆಸೋಕೆ ಬಟ್ಟೆ ಇಲ್ಲ ಅಂತಿದ್ದೆಯಲ್ಲ," ಅಂದಳು. ಕತ್ತರಿ ತರಿಸಿಕೊಂಡು ನಾಲ್ಕು ತುಂಡು ಮಾಡಿದಳು. ಈಗಲೂ ನಮ್ಮ ಮನೆಯ ನೆಲ ಒರೆಸುವುದು ಅದರಲ್ಲೇ.

ದೂರು ಕೊಡುವುದು ಎಂದರೆ ಏನೆಂದು ಆಗ ಕಲಿತೆ. ಹಿರಿಯರ ಸಹಾಯವಾಣಿಯ ಹುಡುಗಿ ಮರ್ಯಾದೆಯಿಂದ ಎಲ್ಲ ಕೇಳಿಸಿಕೊಂಡು, ಹೊಡೆದರಾ ಎಂದು ಕೇಳಿದಳು. ತೋಳು ಹಿಡಿದು ತಲೆ ಬೋಳಿಸಿದರು ಎಂದೆ. ಹಾಗಾದರೆ ಹೊಡೆದಿಲ್ಲ ಅಲ್ವಾ ಎಂದಳು. ಠಾಣೆಯಲ್ಲಿ, "ಕೂದಲು ತಾನೇ ಮೇಡಂ, ಬೆಳೀತದೆ ಬಿಡಿ. ಸ್ವಲ್ಪ ಸೌಮ್ಯವಾಗಿ ಮಾತಾಡಿ, ಇದು ಠಾಣೆ," ಅಂದರು. ನಿಮ್ಮ ಮೀಸೆಯೂ ಬೆಳೆಯುತ್ತದೆ, ಹಿಡಿದುಕೊಂಡು ಬೋಳಿಸಲಾ ಎಂದೆ. ಆಮೇಲೆ ದೂರು ತೆಗೆದುಕೊಂಡರು. ಡಾಕ್ಟರು ತೋಳಿನ ಗುರುತು ನೋಡಿ, ವಯಸ್ಸಾದವರ ಚರ್ಮ, ಮುಟ್ಟಿದರೂ ನೀಲಿಗಟ್ಟುತ್ತದೆ ಎಂದರು. ಮುಟ್ಟಿದ್ದು ಯಾಕೆ ಎಂದು ಕೇಳುವುದು ಅವರ ಕೆಲಸವಲ್ಲವಂತೆ. ಕೊನೆಗೆ ದೂರು ವೃದ್ಧಾಶ್ರಮಗಳನ್ನು ನೋಡಿಕೊಳ್ಳುವ ಇಲಾಖೆಯ ಒಬ್ಬ ಅಧಿಕಾರಿಯ ಮೇಜಿಗೆ ಹೋಗಿ, ವೃದ್ಧಾಶ್ರಮದಲ್ಲೇ ವಿಚಾರಣೆ ಎಂದು ದಿನ ಗೊತ್ತಾಯಿತು. ನನಗೆ ಗೊತ್ತಾಗುವ ಮೊದಲು ಮೇಲ್ವಿಚಾರಕಿಗೆ ಗೊತ್ತಾಗಿತ್ತು. ಬರುತ್ತೇವೆ ಎಂದು ಮೊದಲೇ ಫೋನು ಮಾಡಿ ಹೋಗುವುದಾದರೆ, ಪರೀಕ್ಷೆಯ ಕೋಣೆಯಲ್ಲಿ ನಾನೂ ಕಾಪಿ ಹೊಡೆಯುವವರಿಗೆ, ಈಗ ನಿಮ್ಮ ಬೆಂಚಿನ ಹತ್ತಿರ ಬರುತ್ತಿದ್ದೇನೆ ಕಣ್ರಪ್ಪ, ಚೀಟಿ ಒಳಗಿಡಿ ಎಂದು ಹೇಳಿಯೇ ಹೆಜ್ಜೆ ಇಡಬೇಕಿತ್ತು.

"ನಾನೂ ಬರ್ತೀನಿ," ಎಂದು ಅತ್ತೆ ಹೊರಟಳು. ಆ ಹೊತ್ತಿಗೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ತಲೆಗೆ ಸೆರಗು ಹೊದ್ದಿದ್ದಳು.

ಗೇಟಿನ ಮುಂದೆ ರಂಗೋಲಿ ಬಿಟ್ಟಿದ್ದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಒಳಗೆ ಕೇಸರಿಭಾತಿನ ಘಮ ಬರುತ್ತಿತ್ತು. ನೀರುಪಾತ್ರೆಗಳು ಹೊಳೆಯುತ್ತಿದ್ದವು. ಹೆಂಗಸರೆಲ್ಲ ಒಗೆದ ಸೀರೆ ಉಟ್ಟು, ಟೋಪಿಯ ಮೇಲೆ ಸೆರಗು ಹೊದ್ದು ಗೋಡೆಗೆ ಒರಗಿ ಕೂತಿದ್ದರು. ಅಧಿಕಾರಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಫೋಟೋ ತೆಗೆದರು. ನಮ್ಮ ಕಡೆ ಮನೆಗೆ ಬಂದ ದೊಡ್ಡವರಿಗೆ ಹಾಗೆ ಮಾಡುವುದೇ ಮರ್ಯಾದೆ, ನಿಜ. ಆದರೆ ಬಂದದ್ದು ವಿಚಾರಣೆಗೆ. ಆ ಮನುಷ್ಯ ಶಾಲನ್ನು ಮಡಚಿ ಪಕ್ಕಕ್ಕಿಡಲೂ ಇಲ್ಲ, ಹೊದ್ದುಕೊಂಡೇ ಪ್ರಶ್ನೆ ಕೇಳಿದರು. ಮೇಲ್ವಿಚಾರಕಿ ಅವರ ಕುರ್ಚಿಯ ಹಿಂದೆಯೇ ನಿಂತಿದ್ದರು.

"ಊಟ ಚೆನ್ನಾಗಿದೆಯಾ ಅಮ್ಮಾ?"

"ಚೆನ್ನಾಗದೆ ಸಾ."

"ನೋಡ್ಕೋತಾರಾ?"

"ನೋಡ್ಕತ್ತಾರೆ ಸಾ."

ಬೇರೆ ಏನು ಹೇಳುತ್ತಾರೆ? ರಾತ್ರಿ ಊಟ ಬಡಿಸುವ ಕೈ ಎದುರಿಗೇ ನಿಂತಿದೆ. ಅನ್ನ ಹಾಕಿದ ಮನೆಯ ಮೇಲೆ ಹೊರಗಿನವರ ಮುಂದೆ ದೂರು ಹೇಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವರು ಅವರು. ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿ ಎಂದು ನಾನು ಹೇಳಿದೆ. "ಮೇಡಂ, ಸೌಮ್ಯವಾಗಿ ಮಾತಾಡಿ," ಅಂದರು ಅಧಿಕಾರಿ.

ಅತ್ತೆಯ ಸರದಿ ಬಂತು. ಅವಳು ಸೆರಗು ಸರಿಸಿದಳು. ಅವಳ ಬೋಳುತಲೆ ಕಂಡದ್ದೇ ತಡ, ಆ ಮನುಷ್ಯ ಕುರ್ಚಿಯಿಂದ ಎದ್ದು ಎರಡೂ ಕೈ ಮುಗಿದರು! ನಾಟಕವಲ್ಲ. ಅವರೂ ನಮ್ಮಂಥ ದೇವಸ್ಥಾನದ ಬೀದಿಯ ಮನೆಯವರೇ. ಚಿಕ್ಕಂದಿನಲ್ಲಿ ಅಂಥ ಒಬ್ಬ ಅಜ್ಜಿಯ ಕೈತುತ್ತು ತಿಂದಿರಬೇಕು. ಕಣ್ಣಲ್ಲಿ ನಿಜವಾದ ಭಕ್ತಿ ಇತ್ತು. ಆ ಭಕ್ತಿಯನ್ನು ನೋಡಿ ನನಗೆ ಬಂದಷ್ಟು ಕೋಪ ಮೇಲ್ವಿಚಾರಕಿಯ ಮೇಲೂ ಬಂದಿರಲಿಲ್ಲ.

"ಅಮ್ಮಾ, ನಿಮ್ಮ ಮನೆತನದಲ್ಲಿ ಈ ಪದ್ಧತಿ ಇತ್ತೇ?"

"ಇತ್ತು," ಅಂದಳು ಅತ್ತೆ. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ.

"ಹಿರಿಯರು ಯಾರಾದರೂ ಮಾಡಿಸ್ಕೊಂಡಿದ್ದರೇ?"

"ನನ್ನ ಅಜ್ಜಿಗೆ ಮಾಡಿದ್ದರು. ಅವಳು ಮಾಡಿಸ್ಕೊಂಡದ್ದಲ್ಲ. ನನಗೂ ಮಾಡೋಕೆ ಬಂದರು, ನಾನು ಬಿಡಲಿಲ್ಲ. ಇಲ್ಲಿ ತೋಳು ಹಿಡಿದು ಬೋಳಿಸಿದರು. ಸಾರು ಹಳಸಿದೆ ಅಂದದ್ದಕ್ಕೆ."

ಅಧಿಕಾರಿ ಬರೆದುಕೊಳ್ಳುತ್ತಿದ್ದರು. ಎಲ್ಲಿಯ ತನಕ ಬರೆದರು, ಎಲ್ಲಿ ನಿಲ್ಲಿಸಿದರು ಎಂದು ನಾನು ಬಗ್ಗಿ ನೋಡಿದೆ. ಮನೆತನದ ಸಂಪ್ರದಾಯ ಇರುವುದಾಗಿ ಸ್ವತಃ ಒಪ್ಪಿರುತ್ತಾರೆ ಎಂದು ಬರೆದು ಪೆನ್ನು ಮುಚ್ಚಿದ್ದರು. ಉಳಿದದ್ದು ಎಲ್ಲಿ ಎಂದು ಕೇಳಿದೆ. ವಯಸ್ಸಾದವರು, ಒಪ್ಪಿ ಮಾಡಿಸಿಕೊಂಡದ್ದು ಆಮೇಲೆ ಮರೆತುಹೋಗುವುದುಂಟು, ಸಂಪ್ರದಾಯದ ವಿಷಯದಲ್ಲಿ ಆಶ್ರಮದವರನ್ನು ದೂರಿದರೆ ನಮ್ಮ ಹಿರಿಯರನ್ನೇ ದೂರಿದ ಹಾಗೆ ಎಂದರು. ನಾನು ಕೂಗಿದೆ. ಏನು ಕೂಗಿದೆ ಎಂದು ಪೂರ್ತಿ ನೆನಪಿಲ್ಲ; ಕೇಸರಿಭಾತು ತರುತ್ತಿದ್ದ ಆಯಾ ಬಾಗಿಲಲ್ಲೇ ನಿಂತುಬಿಟ್ಟದ್ದು ನೆನಪಿದೆ. ಅಧಿಕಾರಿ ಶಾಲು ಸರಿಮಾಡಿಕೊಂಡು, ಸೌಮ್ಯವಾಗಿ, ಸೌಮ್ಯವಾಗಿ ಎಂದರು.

ಆಗ ಗೋಡೆಯ ಪಕ್ಕದಿಂದ ಒಬ್ಬಾಕೆ ಎದ್ದು ನಿಂತರು. ನುಗ್ಗೇಹಳ್ಳಿ ಕಡೆಯ ಅಜ್ಜಿ. ಅತ್ತೆಯ ಪಕ್ಕದ ಮಂಚದವರು. ಅತ್ತೆ ಅಲ್ಲಿದ್ದಾಗ ಇಬ್ಬರಿಗೂ ದಿನವೂ ಜಗಳ: ಅಜ್ಜಿ ತಲೆದಿಂಬಿನ ಕೆಳಗೆ ಬೆಳ್ಳುಳ್ಳಿ ಇಟ್ಟುಕೊಳ್ಳುತ್ತಾರೆ, ಅತ್ತೆಗೆ ಆ ವಾಸನೆ ಆಗದು. ಅಜ್ಜಿಗೆ ಮಕ್ಕಳಿಲ್ಲ, ಗಂಡ ಹೋಗಿ ಬಹಳ ಕಾಲವಾಯಿತು, ತೆಂಗಿನ ತೋಟ ಮೈದುನನ ಮಕ್ಕಳ ಕೈಗೆ ಸೇರಿತ್ತು. ಅಲ್ಲಿಂದ ಎದ್ದುಹೋಗಲು ಅವರಿಗೆ ಬೇರೆ ಜಾಗವಿರಲಿಲ್ಲ. ಅವರು ಸೆರಗು ಇಳಿಸಿದರು, ಉಣ್ಣೆಯ ಟೋಪಿ ಕಿತ್ತು ಅಧಿಕಾರಿಯ ಮೇಜಿನ ಮೇಲೆ ಇಟ್ಟರು. ಅವರ ತಲೆಯೂ ಬೋಳು. ಬೆಳ್ಳಗೆ ಮೊಳೆಯುತ್ತಿದ್ದ ಕೂದಲು ಅಕ್ಕಿನುಚ್ಚಿನ ಹಾಗೆ ಕಾಣುತ್ತಿತ್ತು.

"ಸಾ, ಅವ್ರುದ್ದು ಪದ್ದತಿ ಅಂದ್ರಲ್ಲಾ, ನಂದು ಯಾವ್ ಪದ್ದತಿ? ನಾವು ಲಿಂಗ ಕಟ್ಟಿರೋ ಜನ. ನಮ್ಮೋರಲ್ಲಿ ಗಂಡ ಸತ್ತೋಳ ತಲೆ ಯಾರೂ ಬೋಳ್ಸಾಕಿಲ್ಲ. ನನ್ ಗಂಡ ತ್ವಾಟದಲ್ಲಿ ಬಿದ್ದು ಸತ್ತಾಗ್ಲೂ ನನ್ ತಲೆ ಯಾರೂ ಮುಟ್ನಿಲ್ಲ. ಇಲ್ಲಿ ಮುಟ್ಬುಟ್ರು. ಯಾಕೇಂದ್ರೆ, ನೀರು ತಣ್ಣಗದೆ, ಬಿಸ್ನೀರು ಕೊಡಿ ಅಂತ ಕೇಳ್ದೆ ಕಣಪ್ಪಾ."

ಮೇಲ್ವಿಚಾರಕಿ, "ಅಜ್ಜೀ, ಕೂತ್ಕೊಳ್ಳಿ, ಬಿ.ಪಿ. ಇದೆ ನಿಮಗೆ," ಅಂದರು.

"ಕೂತ್ಕತೀನಿ ಇರವ್ವಾ." ಅಜ್ಜಿ ಅಧಿಕಾರಿಯ ಕಡೆಗೇ ನೋಡುತ್ತಿದ್ದರು. "ನೀವು ಎದ್ದೋದ್ ಮ್ಯಾಲೆ ನನ್ಗೆ ಏನ್ ಮಾಡ್ತಾರೋ ಗೊತ್ತಿಲ್ಲ. ಅದ್ನೂ ಬರ್ಕಳಿ."

ಗೋಡೆಯ ಉದ್ದಕ್ಕೂ ಒಂದೊಂದೇ ಟೋಪಿ ಇಳಿಯಿತು. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತರು, ಅಷ್ಟೇ. ಒಕ್ಕಲುತನದ ಮನೆಯವರು, ಅಂಗಡಿಯ ಮನೆಯವರು. ಗಂಡ ಬದುಕಿರುವ ಒಬ್ಬ ಮುತ್ತೈದೆಯೂ ಇದ್ದರು, ಹಣೆಯಲ್ಲಿ ಕುಂಕುಮ, ಮೇಲೆ ಬೋಳುತಲೆ. ಅದನ್ನು ನೋಡಿದ ಮೇಲೆ ಅಧಿಕಾರಿ ಶಾಲು ತೆಗೆದು ಮಡಚಿಟ್ಟರು. ಕೇಸರಿಭಾತು ಮುಟ್ಟಲಿಲ್ಲ. ಪೆನ್ನು ಬಿಚ್ಚಿ ಅವರೆಲ್ಲರ ಹೇಳಿಕೆ ತೆಗೆದುಕೊಂಡರು, ಈ ಸಲ ಒಬ್ಬೊಬ್ಬರನ್ನೇ, ಬೇರೆ ಕೋಣೆಯಲ್ಲಿ. ಅಜ್ಜಿ ಹೇಳಿಕೆ ಕೊಟ್ಟು ಬಂದ ಮೇಲೆ ಅತ್ತೆ ಅವರ ಕೈ ಹಿಡಿದುಕೊಂಡೇ ಕೂತಿದ್ದಳು. ಬೆಳ್ಳುಳ್ಳಿಯ ಕೈ ಅದು.

ಗೆದ್ದೆವು ಎಂದುಕೊಂಡೆ. ಮೇಲ್ವಿಚಾರಕಿಯನ್ನು ಕೆಲಸದಿಂದ ತೆಗೆದರು. ಆ ಇಬ್ಬರು ಆಯಾಗಳನ್ನೂ ತೆಗೆದರು. ಆಶ್ರಮಕ್ಕೆ ನೋಟಿಸು ಹೋಯಿತು, ಇಲಾಖೆಯವರು ಮುಂಚೆ ಫೋನು ಮಾಡದೆ ಬಂದು ನೋಡುವ ವ್ಯವಸ್ಥೆ ಆಯಿತು. "ಈಗ ನನ್ ತಂಟೆಗೆ ಯಾರೂ ಬರಾಕಿಲ್ಲ ಕಣವ್ವಾ, ಬಿಸ್ನೀರೂ ಕೊಡ್ತಾವ್ರೆ," ಎಂದು ನುಗ್ಗೇಹಳ್ಳಿಯ ಅಜ್ಜಿ ಫೋನು ಮಾಡಿಸಿ ಹೇಳಿದರು. ಅತ್ತೆ, ಬೆಳ್ಳುಳ್ಳಿ ಬಿಟ್ಟರೆ ನಾನೂ ವಾಪಸ್ ಬರ್ತೀನಿ ಎಂದು ಛೇಡಿಸಿದಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದು ಅವತ್ತು.

ಆಮೇಲೆ ವರದಿಯ ಪ್ರತಿ ಬಂತು. ನಾನು ಜೋರಾಗಿ ಓದಿದೆ, ಅತ್ತೆಗೆ ಕನ್ನಡಕ ಸಿಕ್ಕಿರಲಿಲ್ಲ. ನಿವಾಸಿಗಳ ಒಪ್ಪಿಗೆಯಿಲ್ಲದೆ, ಶಿಕ್ಷೆಯ ರೂಪದಲ್ಲಿ ತಲೆ ಬೋಳಿಸಿರುವುದು ಸಾಬೀತಾಗಿದೆ ಎಂದಿತ್ತು. ಓದುತ್ತ ನನ್ನ ಧ್ವನಿ ಏರುತ್ತಿತ್ತು. ಕೊನೆಗೆ ದೂರುದಾರರ ಅತ್ತೆಯವರ ವಿಷಯ ಎಂದು ಒಂದು ಪ್ಯಾರಾ ಇತ್ತು. ಸದರಿಯವರ ಮನೆತನದಲ್ಲಿ ವಿಧವೆಯರ ಕೇಶಮುಂಡನದ ಸಂಪ್ರದಾಯವಿರುವುದನ್ನು ಅವರೇ ಒಪ್ಪಿರುವುದರಿಂದ, ಅವರ ಮಟ್ಟಿಗೆ ಇದನ್ನು ದೌರ್ಜನ್ಯವೆಂದು ಪರಿಗಣಿಸಲು ಬರುವುದಿಲ್ಲ.

ಉಳಿದ ಎಲ್ಲರ ತಲೆ ತಲೆ. ಇವಳದ್ದು ಮಾತ್ರ ಶಾಸ್ತ್ರ! ಯಾರಿಗಾಗಿ ದೂರು ಕೊಟ್ಟೆನೋ ಅವಳದ್ದೇ ತಳ್ಳಿಹೋಗಿತ್ತು. ಯಾರಿಗೂ ಅವಳ ಮೇಲೆ ದ್ವೇಷವಿರಲಿಲ್ಲ, ಅದೇ ನನಗೆ ತಡೆಯಲಾಗದ್ದು. ಕೈ ಮುಗಿದೇ ಅವಳ ಬಾಯಿ ಮುಚ್ಚಿಸಿದ್ದರು.

ಅತ್ತೆ ಇನ್ನೊಂದು ಸಲ ಓದು ಅಂದಳು. ಓದಿದೆ. "ನಾಳೆ ಹಾಸನಕ್ಕೆ ಹೋಗೋಣ," ಅಂದಳು. ಟ್ಯಾಕ್ಸಿಗೆ ಹೇಳುತ್ತೇನೆ ಎಂದೆ.

"ಬೇಡ. ಬಸ್ಸಲ್ಲಿ ಹೋಗೋಣ. ಕಾರಲ್ಲಿ ಹೋದರೆ ನನ್ನ ತಲೆ ಯಾರು ನೋಡ್ತಾರೆ?"

ಬೆಳಿಗ್ಗೆ ಮೆಟ್ಟಿಲನ್ನು ಒಂದೊಂದೇ ಕೂತು ಕೂತು ಇಳಿದಳು. ಸೆರಗು ತಲೆಗೆ ಹೊದೆಯಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೂದಲು ಒಂದು ಬೆರಳಿನಷ್ಟೂ ಬೆಳೆದಿರಲಿಲ್ಲ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಹೆಂಗಸರೇ ತುಂಬಿರುತ್ತಾರೆ, ಅವತ್ತೂ ತುಂಬಿದ್ದರು. ಅತ್ತೆ ಹತ್ತಿದ ಕೂಡಲೇ ಮುಂದಿನ ಸೀಟಿನಲ್ಲಿದ್ದ ಒಬ್ಬಾಕೆ ಎದ್ದು ಜಾಗ ಬಿಟ್ಟು, ಕೈ ಮುಗಿದು, "ಕೂತ್ಕಳಿ ಅಮ್ಮಾ, ಮಡಿ ಮೈಲಿಗೆ ನೋಡ್ಬ್ಯಾಡಿ," ಅಂದರು.

"ಮಡಿ ಅಲ್ಲ ಕಣಮ್ಮಾ ಇದು," ಅಂದಳು ಅತ್ತೆ. ಹಿಂದಿನ ಬೆಂಚಿಗೂ ಕೇಳಿಸುವ ಧ್ವನಿ. ನನ್ನ ಗಂಟಲು ಎಲ್ಲಿಂದ ಬಂತೆಂದು ಬಸ್ಸಿನವರಿಗೆಲ್ಲ ಗೊತ್ತಾಗಿರಬೇಕು. "ತೋಳು ಹಿಡಿದು, ಬಲವಂತವಾಗಿ ಬೋಳಿಸಿದ್ದು. ಹಳಸಿದ ಸಾರು ಬೇಡ ಅಂದದ್ದಕ್ಕೆ."

ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಎಲ್ಲಿ, ಯಾವಾಗ ಎಂದು ಹಿಂದಿನವರು ಕೇಳಿದರು. ಅತ್ತೆ ಹೇಳಿದಳು. ಮೊಸಳೆಹೊಸಹಳ್ಳಿಯಲ್ಲಿ ಹೊಸದಾಗಿ ಹತ್ತಿದವರು ಕೈ ಮುಗಿದರು, ಅವರಿಗೂ ಹೇಳಿದಳು. ಬಾವಿಯ ಕಟ್ಟೆಯಿಂದ ಹಿಡಿದು ಹೇಳಿದಳು. ಹಾಸನ ಬರುವ ಹೊತ್ತಿಗೆ ಹಿಂದೆ ಕೂತವರು ಮುಂದೆ ಬಂದು ನಿಂತಿದ್ದರು. ಸೌಮ್ಯವಾಗಿ ಮಾತಾಡಿ ಎಂದು ಆ ಬಸ್ಸಿನಲ್ಲಿ ಒಬ್ಬರೂ ಹೇಳಲಿಲ್ಲ.

ಕಚೇರಿಯಲ್ಲಿ ಅಧಿಕಾರಿ ಯಾವುದೋ ಕಡತ ನೋಡುತ್ತಿದ್ದರು. ತಲೆ ಎತ್ತಿದರು. ಕೋಲೂರಿ ಬಾಗಿಲಲ್ಲಿ ನಿಂತ ಅತ್ತೆಯನ್ನು ಕಂಡು, ಮೊದಲಿನ ಹಾಗೆಯೇ, ಕುರ್ಚಿಯಿಂದ ಎದ್ದು ಎರಡೂ ಕೈ ಜೋಡಿಸಿದರು.

ಅತ್ತೆ ತಿರುಗಿ ಕೈ ಮುಗಿಯಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ವರದಿಯನ್ನು ಮೇಜಿನ ಮೇಲೆ ಹರಡಿ, ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟಳು.

"ಕೈ ಇಳಿಸಿ," ಅಂದಳು. "ಪೆನ್ನು ತಗೊಳ್ಳಿ."